ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋಗುವ ಮನೆ

ಹೋದ ವಾರ ನಮ್ಮ ಮನೆಯಲ್ಲಿ ಮೊಮ್ಮಗಳಿಗೆ ಹೆಸರಿಟ್ಟೆವು. ಏನು ಹೇಳಲಿ! ಕಿವಿಯಲ್ಲಿ ಮೂರು ಸಲ ಹೆಸರು ಕೂಗು ಅಂದರೆ ನಾನು ಎಷ್ಟು ಸಲ ಕೂಗಿದೆನೋ, ಕೊನೆಗೆ ಸೊಸೆ ಬಂದು ಸೆರಗು ಎಳೆದಳು. "ಸಾಕು ಬಿಡತ್ತೆ, ಮಗೀನ ಕಿವಿ ತೂತು ಬಿದ್ದೋದಾತು!" ಅಂದಳು. ಬೀಳಲಿ ಬಿಡು, ಹೇಗೂ ಓಲೆಗೆ ತೂತು ಬೇಕಲ್ಲ ಅಂದೆ. ಮಗು ಬಾಯಿ ಬಿಟ್ಟು ಆಕಳಿಸಿತು. ಅಷ್ಟಕ್ಕೇ ನನ್ನ ಹೊಟ್ಟೆಯೊಳಗೆ ಹಾಲು ಉಕ್ಕಿದಂತಾಯಿತು.

ನೆಂಟರಿಗೆ ಮಾತ್ರ ಸಮಾಧಾನವಿಲ್ಲ. "ಇದ್ಯಾರ ಎಸ್ರು? ನಿಮ್ಮ ವಂಸದಾಗೆ ಯಾರ್ಗೂ ಇಲ್ವಲ್ಲ" ಎಂದು ನನ್ನ ನಾದಿನಿ ಊಟದ ಎಲೆಯ ಮುಂದೆ ಕೂತೇ ಕೇಳಿದಳು. ಆ ಹೆಸರಿನವರು ನಮ್ಮ ಜಾತಿಯವರಲ್ಲ, ನೆಂಟರಲ್ಲ, ನಾನು ಹಾಲು ಹಾಕುತ್ತಿದ್ದ ಮನೆಯವರು. ಅವರು ತೀರಿಕೊಂಡ ಸುದ್ದಿ ಬಂದ ತಿಂಗಳಲ್ಲೇ ಈ ಕೂಸು ಹುಟ್ಟಿತು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಹೆಸರು ಹಿಡಿದು ಕರೆದರೆ ಅವರ ಕಣ್ಣು ಕೆಂಪಗಾಗುತ್ತಿತ್ತು. ಆಂಡರ್ಸನ್‌ಪೇಟೆಗೆಲ್ಲ ಅವರು ಟೀಚರಮ್ಮ. ನನಗೂ ಅಷ್ಟೇ. ನಾನು ಓದಿದ್ದು ಮೂರನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಸಂತೋಷದಲ್ಲಿ ಬರೆಯುತ್ತಿದ್ದೇನೆ, ಕೈ ನಿಲ್ಲುತ್ತಿಲ್ಲ.

ಚಿನ್ನದ ಗಣಿಗಳು ಇನ್ನೂ ನಡೆಯುತ್ತಿದ್ದ, ಎಂಬತ್ತರ ಆಸುಪಾಸಿನ ಮಾತು. ಬಂಗಾರಪೇಟೆ ಹತ್ತಿರದ ನಮ್ಮೂರಿನಿಂದ ನಾವು ನಾಲ್ಕಾರು ಹೆಂಗಸರು ಹಾಲಿನ ಕ್ಯಾನು ಹೊತ್ತು ಬೆಳಿಗ್ಗೆ ಒಂದು ಸಲ, ಸಾಯಂಕಾಲ ನಾಲ್ಕಕ್ಕೆ ಮುಟ್ಟುವಂತೆ ಇನ್ನೊಂದು ಸಲ ರೈಲು ಹತ್ತಿ, ಗಣಿಯ ಕಡೆ ಇಳಿದು, ಬೀದಿ ಬೀದಿ ಹಂಚಿಕೊಂಡು ಹಾಲು ಹಾಕುತ್ತಿದ್ದೆವು. ನನ್ನ ಪಾಲಿಗೆ ಆಂಡರ್ಸನ್‌ಪೇಟೆಯ ಒಂದು ಬೀದಿ ಬಂತು. ಮೊದಲನೇ ದಿನ ಆ ಮನೆಯ ಬಾಗಿಲಲ್ಲಿ "ಆಲೂ..." ಎಂದು ಕೂಗಿ, ವಾಡಿಕೆಯಂತೆ ಒಳಗೆ ಕಾಲಿಟ್ಟೆ.

"ನಿಲ್ಲು!" ಎಂದು ಒಳಗಿನಿಂದ ಗುಡುಗಿನಂಥ ದನಿ. "ಕೈ ಒದ್ದೆ ಇದೆಯಾ?"

"ಆಲಿನೋಳ ಕೈ ಒಣಗಿರ್ತದಾ ತಾಯಿ?"

"ಒರೆಸ್ಕೋ. ಚಪ್ಪಲಿ ಎಲ್ಲಿ?"

"ನಾನು ಚಪ್ಪಲಿ ಮೆಟ್ಟಲ್ಲಮ್ಮ, ಬರಿಗಾಲೇ."

"ಹಾಗಾದ್ರೆ ಅಲ್ಲಿರೋ ರಬ್ಬರ್ ಚಪ್ಪಲಿ ಹಾಕ್ಕೊಂಡು ಒಳಗೆ ಬಾ."

ನನಗೆ ಕಿವಿ ಕೆಟ್ಟಿತೇನೋ ಅನ್ನಿಸಿತು. ಚಪ್ಪಲಿ ಬಿಟ್ಟು ಬಾ ಅನ್ನುವ ಮನೆ ಲೋಕದಲ್ಲೆಲ್ಲ ಇದೆ, ಹಾಕಿಕೊಂಡು ಬಾ ಅನ್ನುವ ಮನೆ ಅದೊಂದೇ. ನೋಡಿದರೆ ಹೊಸ್ತಿಲ ಪಕ್ಕದಲ್ಲಿ ಗಂಡಸರ ಅಳತೆಯ ಎರಡು ಮೂರು ಜೊತೆ. ಅವುಗಳಲ್ಲಿ ಕಾಲು ತುರುಕಿ ಬಾತುಕೋಳಿಯ ಹಾಗೆ ಪಟಪಟ ಎನ್ನುತ್ತಾ ಹೋದೆ. ಊರಿಗೆ ಬಂದು ಹೇಳಿದರೆ ಗಂಡ ಹೊಟ್ಟೆ ಹಿಡಿದು ನಕ್ಕ. "ಲಕ್ಷ್ಮಿಯಂಥ ಆಲು ತಗಂಡು ಚಪ್ಪಲಿ ಮೆಟ್ಕಂಡು ಓಗ್ತೀಯಲ್ಲೇ, ಅಸಾಧ್ಯದೋಳು!"

ಒಳಗೆ ಹಾಲ್‌ನಲ್ಲಿ ಒಂದು ಮೇಜು. ಮೇಜಿನ ಮೇಲೆ ತಂತಿಗಳ ಗೂಡು. ಅದರ ಮುಂದೆ ಟೀಚರಮ್ಮ. ಎತ್ತರದ ಆಳು, ಕೋಲು ಮುಖ, ಸೆರಗು ಬಿಗಿದು ಸಿಕ್ಕಿಸಿಕೊಂಡು, ಎಡಗೈಯನ್ನು ಹಿಂದೆ ಒಯ್ದು ಸೊಂಟದ ಸೀರೆಯೊಳಗೆ ತುರುಕಿಕೊಂಡಿದ್ದರು. ಬಲಗೈ ಒಂದರಲ್ಲೇ ಕೆಲಸ. ಪಾಪ, ಎಡಗೈ ಊನವೇನೋ ಎಂದು ಕನಿಕರಪಟ್ಟೆ. ಮಾರನೇ ದಿನ ಅದೇ ಎಡಗೈಯಲ್ಲಿ ಒಬ್ಬ ಹುಡುಗನ ಕಿವಿ ಹಿಂಡುವುದನ್ನು ಬೀದಿಯಲ್ಲಿ ನೋಡಿದ ಮೇಲೆ ಕನಿಕರ ಹೋಯಿತು.

ಆ ಮೇಜಿನ ಮೇಲಿದ್ದದ್ದು ಅಂಕಿ ಬುಡ್ಡಿಗಳು. ಹೆಸರು ನಾನಿಟ್ಟದ್ದು. ಹೆಬ್ಬೆರಳಿನಷ್ಟು ದಪ್ಪದ ಗಾಜಿನ ಬುಡ್ಡಿ, ಒಳಗೆ ಕೂದಲೆಳೆಯಂಥ ತಂತಿಯಲ್ಲಿ ಬಗ್ಗಿಸಿದ ಅಂಕಿಗಳು, ಸೊನ್ನೆಯಿಂದ ಒಂಬತ್ತರವರೆಗೆ, ಒಂದರ ಹಿಂದೆ ಒಂದು ನಿಂತಿವೆ. ಯಾವ ಅಂಕಿಗೆ ಕರೆಂಟು ಕೊಟ್ಟರೆ ಆ ಅಂಕಿಯ ಮೈಗೆ ಮಾತ್ರ ಕೆಂಡದ ಬಣ್ಣ ಹತ್ತಿಕೊಳ್ಳುತ್ತದೆ. ಉರಿಯುವುದಿಲ್ಲ, ಹೊಗೆಯಿಲ್ಲ, ಸುಮ್ಮನೆ ಹೊಳೆಯುತ್ತದೆ. ಯಾವುದೋ ಹಳೇ ಎಣಿಕೆ ಮೆಷಿನ್ನು ಗುಜರಿಗೆ ಬಂದಿತ್ತಂತೆ, ಟೀಚರಮ್ಮ ಗುಜರಿಯವನ ಜೊತೆ ಜಗಳ ಆಡಿ ತಂದಿದ್ದರು. ಅದರಿಂದ ಗಡಿಯಾರ ಮಾಡಬೇಕು. ಯಾಕೆ ಅಂದರೆ, ಅವರ ತಾಯಿಗಾಗಿ.

ತಾಯಿಯನ್ನು ನಾವೆಲ್ಲ ಪಾಟಿ ಅನ್ನುತ್ತಿದ್ದೆವು, ತಮಿಳಿನಲ್ಲಿ ಅಜ್ಜಿ ಅಂತ. ಒಂದು ಕಣ್ಣು ಪೂರಾ ಹೋಗಿತ್ತು, ಇನ್ನೊಂದಕ್ಕೆ ಪೊರೆ. ಗೋಡೆ ಗಡಿಯಾರದ ಮುಳ್ಳು ಕಾಣುತ್ತಿರಲಿಲ್ಲ. ಬೆಳಕು ಮಾತ್ರ ಮಂಜುಮಂಜಾಗಿ ಕಾಣುತ್ತಿತ್ತು. ಆಕೆಯ ಗಂಡ ಬಹಳ ಹಿಂದೆ ಗಣಿಗೆ ಇಳಿದವನು ಮೇಲೆ ಬಂದಿರಲಿಲ್ಲ. ಈಗ ಕಿರಿ ಮಗ, ಟೀಚರಮ್ಮನ ತಮ್ಮ, ಅದೇ ಕೆಲಸಕ್ಕೆ ಇಳಿಯುತ್ತಿದ್ದ. ಶಿಫ್ಟು ಬದಲಾಗುವಾಗ ಗಣಿಯ ಸಂಗು ಊದುತ್ತದೆ, ಸೈರನ್ನು. ಒಳಗೆ ಬಂಡೆ ಕುಸಿದರೂ ಅದೇ ಸಂಗು ಊದುತ್ತದೆ. ದನಿಯಲ್ಲಿ ವ್ಯತ್ಯಾಸವಿಲ್ಲ, ಹೊತ್ತಿನಲ್ಲಿ ಮಾತ್ರ ವ್ಯತ್ಯಾಸ. ಹೊತ್ತು ಗೊತ್ತಿದ್ದವರು ಶಿಫ್ಟ್ ಸಂಗು ಎಂದು ಸುಮ್ಮನಿರುತ್ತಾರೆ. ಪಾಟಿಗೆ ಹೊತ್ತೇ ಗೊತ್ತಾಗುವುದಿಲ್ಲವಲ್ಲ! ಮಗಳು ಸ್ಕೂಲಿಗೆ ಹೋದರೆ ಮನೆಯಲ್ಲಿ ಒಬ್ಬಳೇ. ಪ್ರತಿ ಸಂಗಿಗೂ ಎದ್ದು "ಮಣಿ ಎನ್ನ? ಯಾರಾನಾ ಟೈಮ್ ಏಳ್ರಪ್ಪಾ!" ಎಂದು ಅರಚುತ್ತಾ ಬೀದಿಗೆ ಓಡುವಳು. ನಾನು ಹಾಲು ಹಾಕಲು ಶುರುಮಾಡುವ ಮುಂಚೆ ಹಾಗೆ ಓಡಿ ಚರಂಡಿಗೆ ಬಿದ್ದು ಸೊಂಟ ಮುರಿದುಕೊಂಡು ಎದ್ದಿದ್ದಳು. ಇನ್ನೊಂದು ಸಲ ಬಿದ್ದರೆ ಏಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ.

ಬುಡ್ಡಿಯ ಕೆಂಡದ ಬಣ್ಣ ಕತ್ತಲೆ ಮೂಲೆಯಲ್ಲಿಟ್ಟರೆ ಪಾಟಿಯ ಕಣ್ಣಿಗೆ ಕಾಣುತ್ತಿತ್ತು. ಮುಖ ಹತ್ತಿರ ತಂದರೆ ಅಂಕಿಯೂ ತಿಳಿಯುತ್ತಿತ್ತು. ಅದೇ ದೊಡ್ಡ ಆಸೆ. ದೊಡ್ಡ ಭಯವೂ ಅದರಲ್ಲೇ ಇತ್ತು. ಆ ಬುಡ್ಡಿಗಳು ಹೊತ್ತಿಕೊಳ್ಳಲು ಟಾರ್ಚಿನ ಸೆಲ್ಲು ಸಾಲದು, ನೂರಾ ಎಪ್ಪತ್ತು ವೋಲ್ಟು ಬೇಕು. ಮತ್ತೆ ಪಾಟಿ ನೋಡುವುದು ಕಣ್ಣಿನಿಂದಲ್ಲ, ಕೈಯಿಂದ. ತಟ್ಟೆ, ಬಾಗಿಲು, ಹಾಲಿನ ಕ್ಯಾನು, ನನ್ನ ಮೂಗು, ಎಲ್ಲವನ್ನೂ ಮುಟ್ಟಿ ಮುಟ್ಟಿಯೇ ತಿಳಿಯುವವಳು. ಕೊಲ್ಲುವ ಕರೆಂಟು ಇರುವ ವಸ್ತುವನ್ನು ಹಾಗೆ ಮುಟ್ಟುವವಳ ಪಕ್ಕದಲ್ಲಿ ಇಡಬೇಕು. ಟೀಚರಮ್ಮನ ಹಣೆಯ ಗೆರೆಗಳೆಲ್ಲ ಇದೇ ಒಂದು ಲೆಕ್ಕದಿಂದ ಬಿದ್ದವು.

ಅವರು ಸಾಧು ಸ್ವಭಾವದವರೇನಲ್ಲ, ಮೊದಲೇ ಹೇಳಿಬಿಡುತ್ತೇನೆ. ತನಗೆ ತಿಳಿದದ್ದನ್ನು ಇಡೀ ಬೀದಿಗೆ ಕೇಳುವಂತೆ ಹೇಳುವವರು. "ಈ ಪೇಟೇಲಿ ಇದನ್ನ ಮಾಡೋ ಗಂಡಸು ಇದ್ರೆ ಬರಲಿ" ಎಂದು ನನ್ನ ಮುಂದೆಯೇ ಎಷ್ಟು ಸಲ ಅಂದಿಲ್ಲ! ಬಂದ ಗಂಡಸರೂ ಇದ್ದರು. ಎದುರು ಮನೆಯ ರೇಡಿಯೋ ರಿಪೇರಿಯವನು ಬಂದು, "ಇಷ್ಟೆಲ್ಲಾ ಏತಕ್ಕೆ ಅಕ್ಕಯ್ಯಾ? ಗೋಡೆ ಪ್ಲಗ್ಗಿಂದ ನೇರ ಒಂದು ಡಯೋಡ್ ಆಕ್ಬಿಡು, ಒತ್ಕಂತದೆ" ಅಂದ.

"ಹೊತ್ಕೊಳ್ಳುತ್ತೆ. ಅಮ್ಮನೂ ಹೊತ್ಕೋತಾಳೆ. ನಡಿ ಆಚೆ!"

ಅವನು ಹೋದ ಮೇಲೆ ಸಿಟ್ಟು ನನ್ನ ಮೇಲೆ ಪಾಠವಾಗಿ ಇಳಿಯಿತು. ಬೀದಿ ಕರೆಂಟು ಯಾವಾಗಲೂ ಭೂಮಿಯನ್ನು ಹುಡುಕುತ್ತದಂತೆ. ಬರಿಗಾಲಲ್ಲಿ ನಿಂತವರ ಮೈಯೇ ಅದಕ್ಕೆ ದಾರಿ. ಅದಕ್ಕೇ ಟೀಚರಮ್ಮ ಒಂದೇ ಥರದ ಎರಡು ಟ್ರಾನ್ಸ್‌ಫಾರ್ಮರ್ ತಂದು ಗಡಿಯಾರದ ಡಬ್ಬಿಯೊಳಗೆ ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿದ್ದರು. ಮೊದಲನೆಯದು ಕರೆಂಟನ್ನು ಇಳಿಸುತ್ತದೆ, ಎರಡನೆಯದು ತಿರುಗಿ ಏರಿಸುತ್ತದೆ. ಇಳಿಸಿ ಏರಿಸುವ ಕೂಲಿ ಯಾಕೆ ಅಂದೆ. "ನಡುವೆ ತಂತಿ ಮುಟ್ಟಿಸಿಲ್ಲ ನೋಡು. ಬೀದಿ ಕರೆಂಟಿಗೂ ಡಬ್ಬಿ ಕರೆಂಟಿಗೂ ನೆಂಟಸ್ತನ ಇಲ್ಲ. ಡಬ್ಬೀದು ಭೂಮಿ ಹುಡುಕಿಕೊಂಡು ಹೋಗಲ್ಲ."

"ಗೂಟಕ್ಕೆ ಕಟ್ಟಿದ ಅಸ ಇದ್ದಂಗೆ. ಸುತ್ತಾನೆ ಸುತ್ತತದೆ, ಒಲಕ್ಕೆ ಓಗಲ್ಲ."

"ಆದ್ರೆ ಗೂಟದ ಪಕ್ಕ ನಿಂತವಳಿಗೆ ಹಾಯುತ್ತೆ. ಎರಡು ಕೈಲಿ ಎರಡು ಕಡೆ ಹಿಡಿದ್ರೆ ಎದೆ ಮೇಲೇ ಹಾದುಹೋಗುತ್ತೆ. ಅದಕ್ಕೇ ಈ ಕೈ ಸೊಂಟದಲ್ಲಿ."

ಮೊದಲು ಹೊತ್ತಿಸಿದ ಬುಡ್ಡಿಯನ್ನು ನಾನೇ ಕಣ್ಣಾರೆ ನೋಡಿದೆ. ಐದು ಎಂಬ ಅಂಕಿ ಚೆನ್ನಾಗಿ ಹೊಳೆಯಿತು, ನೋಡನೋಡುತ್ತಾ ನೀಲಿಗೆ ತಿರುಗಿತು, ಗಾಜಿನ ಒಳಗೆ ಕನ್ನಡಿಯಂಥ ಮಸಿ ಕಟ್ಟಿತು, ಸತ್ತೇಹೋಯಿತು. ಬುಡ್ಡಿಗೆ ಒಂದು ಸಲ ಹೊತ್ತಿಕೊಂಡರೆ ಕರೆಂಟು ಸಾಕು ಅನ್ನುವ ಬುದ್ಧಿ ಇರುವುದಿಲ್ಲವಂತೆ. ಕುಡಿದು ಕುಡಿದು ಸಾಯುತ್ತದೆ. ತಡೆಯಲು ಪ್ರತಿ ಬುಡ್ಡಿಗೂ ಒಂದು ರೆಸಿಸ್ಟರ್ ಹಾಕಬೇಕು, ಟೀಚರಮ್ಮ ಹಾಕಿದ್ದು ಸಾಲದಾಗಿತ್ತು. "ಕರೂನ ಕೆಚ್ಚಲಿಗೆ ಬಿಟ್ಟು ಅಗ್ಗ ಇಡೀದೇ ಓದ್ರೆ ಇಂಗೇ ಆಗದು" ಅಂದೆ. ಅವತ್ತು ಬೈಯುತ್ತಾರೆ ಎಂದುಕೊಂಡಿದ್ದೆ. ಬದಲಿಗೆ ಜೋರಾಗಿ ನಕ್ಕು, ಅಂದಿನಿಂದ ಆ ರೆಸಿಸ್ಟರುಗಳಿಗೆ ಹಗ್ಗ ಎಂದೇ ಕರೆದರು.

ಇನ್ನೊಂದು ವಸ್ತು ಇತ್ತು, ಕೆಪಾಸಿಟರ್. ಹಿತ್ತಾಳೆ ಬಣ್ಣದ ಒಂದು ಸಣ್ಣ ಡಬ್ಬ. ಪ್ಲಗ್ಗು ಕಿತ್ತರೂ ಅದರ ಹೊಟ್ಟೆಯಲ್ಲಿ ಕರೆಂಟು ತುಂಬಿಕೊಂಡೇ ಇರುತ್ತದೆ, ಕರೆಯದ ಕೆಚ್ಚಲಿನ ಹಾಗೆ. ಅದು ತಾನಾಗಿ ಸೋರಿ ಖಾಲಿಯಾಗಲಿ ಎಂದು ಅದರ ಮೈಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಬೆಸೆದಿರುತ್ತಿದ್ದರು. ಅದರ ಮೇಲೂ ನಂಬಿಕೆಯಿಲ್ಲದೆ, ಬಿದಿರು ಕಡ್ಡಿಯ ತುದಿಗೆ ತಂತಿ ರೆಸಿಸ್ಟರ್ ಕಟ್ಟಿ, ಡಬ್ಬಕ್ಕೆ ತಾಗಿಸಿ ಹಿಡಿದು, ಮೀಟರಿನ ಮುಳ್ಳು ಸೊನ್ನೆಗೆ ಇಳಿಯುವುದನ್ನು ನೋಡಿಯೇ ಕೈ ಹಾಕುತ್ತಿದ್ದರು. "ಉರಿಯುವಾಗ ಎಲ್ಲರೂ ಹೆದರ್ತಾರೆ ಕಣೇ. ಹೆದರಬೇಕಾದ್ದು ಆರಿಸಿದ ಮೇಲೆ" ಅನ್ನುವುದು ಅವರ ಮಾತು.

ಇಷ್ಟು ಎಚ್ಚರದ ಮನುಷ್ಯರೇ ಒಂದು ದಿನ ಎಡವಿದರು.

ಆಯುಧಪೂಜೆ. ಆ ದಿನ ನಮ್ಮ ಕಡೆ ಕುಡುಗೋಲಿನಿಂದ ಲಾರಿಯವರೆಗೆ ಯಾವ ಕಬ್ಬಿಣವನ್ನೂ ಬಿಡುವುದಿಲ್ಲ. ತೊಳೆದು, ಅರಿಶಿನ ಕುಂಕುಮ ಇಟ್ಟು, ಹೂವು ಏರಿಸಿ ಕೈ ಮುಗಿಯುತ್ತೇವೆ. ನಾನು ಹಾಲು ತಂದಾಗ ಮನೆಯೆಲ್ಲ ಸಾಂಬ್ರಾಣಿ ಹೊಗೆ. ಮೇಜಿನ ಮೇಲೆ ಡಬ್ಬಿಯ ಮುಚ್ಚಳ ತೆಗೆದಿಟ್ಟಿದ್ದಾರೆ, ಪ್ಲಗ್ಗು ಕಿತ್ತು ಗೋಡೆಯ ಮೊಳೆಗೆ ನೇತುಹಾಕಿದ್ದಾರೆ. ತಾಯಿ ಮಗಳಿಬ್ಬರೂ ತಲೆಗೆ ನೀರು ಹಾಕಿಕೊಂಡು ಮಡಿಯಲ್ಲಿದ್ದಾರೆ. ದೇವರ ಕೆಲಸ ಎಂದು ಇಬ್ಬರೂ ಬರಿಗಾಲು. ದೇವರಿಗೆ ಒಂಟಿ ಕೈಯಲ್ಲಿ ಕೊಡಬಾರದು ಎಂದು ಟೀಚರಮ್ಮನ ಎಡಗೈಯೂ ಸೊಂಟ ಬಿಟ್ಟು ಈಚೆ ಬಂದಿದೆ. ಪೂಜೆಯ ಒಂದೊಂದು ನೇಮವೂ ಆ ಡಬ್ಬಿಯ ನೇಮಕ್ಕೆ ತಲೆಕೆಳಗು. ಚಪ್ಪಲಿ ಮೆಟ್ಟಿ ನಿಂತವಳು ಇಡೀ ಮನೆಯಲ್ಲಿ ನಾನೊಬ್ಬಳೇ.

ಪಾಟಿಯ ಎರಡೂ ಕೈಯಲ್ಲಿ ಕಲಸಿದ ಗಂಧ. ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ. ಟೀಚರಮ್ಮ ತಾಯಿಯ ಮೊಣಕೈ ಹಿಡಿದು, "ಇಲ್ಲಿಡಮ್ಮ, ಇನ್ನೂ ಸ್ವಲ್ಪ ಮುಂದೆ" ಎಂದು ಡಬ್ಬಿಯ ಕಡೆಗೆ ನಡೆಸುತ್ತಿದ್ದಾರೆ. ನಾನು ಬಾಗಿಲಲ್ಲಿ ನಿಂತು ತಮಾಷೆಗೆ ಕೇಳಿದೆ, "ಏನ್ ಟೀಚರಮ್ಮ, ಇವತ್ತು ಡಬ್ಬದ ಆಲು ಕರೆದೇ ಇಲ್ಲ? ಕಡ್ಡಿ ಗೋಡೆಗೇ ಐತೆ?"

ಅವರು ನಗುತ್ತಾ ನನ್ನ ಕಡೆ ತಿರುಗಿದರು. "ಬೇಡ ಕಣೇ, ಅದೇ ಸೋರೋಕೆ ರೆಸಿಸ್ಟರ್..."

ಮಾತು ಅಲ್ಲಿಗೇ ನಿಂತಿತು. ನಗು ಮುಖದ ಮೇಲೆಯೇ ಇತ್ತು, ಅದರ ಕೆಳಗಿನ ಬಣ್ಣ ಇಳಿದುಹೋಯಿತು. ಸೋರುವ ರೆಸಿಸ್ಟರು ಬಿಸಿಯಾಗುತ್ತಿದೆ, ದೊಡ್ಡದು ಹಾಕಬೇಕು ಎಂದು ಹಿಂದಿನ ದಿನ ತಾನೇ ಅದನ್ನು ಬಿಚ್ಚಿ ತೆಗೆದಿದ್ದರು. ಆಮೇಲೆ ಒಂದು ಸಲ ಹೊತ್ತಿಸಿ ನೋಡಿ, ಪ್ಲಗ್ಗು ಕಿತ್ತು, ಒರೆಸಲೆಂದು ಬುಡ್ಡಿಗಳನ್ನೂ ತೆಗೆದಿಟ್ಟಿದ್ದರು. ಕೆಪಾಸಿಟರಿನ ಹೊಟ್ಟೆಯಲ್ಲಿದ್ದ ಕರೆಂಟು ಹೋಗಲು ದಾರಿಯೇ ಇಲ್ಲ. ಆ ಡಬ್ಬದ ಎರಡೂ ತುದಿಗೆ ಪಾಟಿಯ ಎರಡೂ ಒದ್ದೆ ಕೈ ಒಂದು ಬೆರಳಿನಷ್ಟು ದೂರದಲ್ಲಿವೆ.

ನಾನಾಗಿದ್ದರೆ ಅರಚಿ ಎಳೆದುಬಿಡುತ್ತಿದ್ದೆ. ಅವರು ಎಳೆಯಲಿಲ್ಲ. ಎಳೆದರೆ ಕಣ್ಣಿಲ್ಲದವಳು ಆಸರೆಗೆ ಎದುರಿಗಿದ್ದದ್ದನ್ನೇ ಹಿಡಿಯುತ್ತಾಳೆ ಎಂದು ಅವರಿಗೆ ಗೊತ್ತು.

"ಅಮ್ಮಾ, ಕೈ ಅಲ್ಲೇ ನಿಲ್ಲಿಸು" ಎಂದರು, ಮೆಲ್ಲಗೆ.

"ಯಾಕೆ? ಗಂಧ ಒಣಗ್ತದೆ. ಬಿಡೇ."

"ಹಿಂದೆ ತಗೋಮ್ಮ."

"ಇಡೋಕೆ ಬಂದ ಕೈ ಇಂದಕ್ಕೆ ತಗೀಬಾರ್ದು. ಅಪಶಕುನ." ಪಾಟಿ ಹಠಮಾರಿ. ಕೈ ಮುಂದೆಯೇ ಸರಿಯಿತು. ನಾನು ಹಾಲಿನ ಕ್ಯಾನನ್ನು ಸದ್ದಾಗದಂತೆ ನೆಲಕ್ಕಿಳಿಸಿದೆ.

"ಅಮ್ಮಾ, ರಾಹುಕಾಲ ಶುರುವಾಯ್ತು" ಅಂದರು ಟೀಚರಮ್ಮ.

ಪಾಟಿ ಕೆಂಡ ತಾಗಿದಂತೆ ಎರಡೂ ಕೈಯನ್ನು ಎದೆಗೆ ಎಳೆದುಕೊಂಡಳು. ಗಂಧವೆಲ್ಲ ರವಿಕೆಗೆ. "ಅಯ್ಯೋ ಪಾಪಿ! ಮೊದ್ಲೇ ಬೊಗಳ್ಬಾರ್ದಾ? ಓದೋಳಂತೆ, ಟೀಚರಂತೆ!"

ಅದು ರಾಹುಕಾಲವಲ್ಲ. ಹೊತ್ತು ಗೊತ್ತಾಗದ ತಾಯಿಗೆ ಆವತ್ತು ಮಗಳು ಹೇಳಿದ್ದು ಸುಳ್ಳು. ಪಾಟಿಯನ್ನು ಒಳಗೆ ಕೂರಿಸಿ ಬಂದು, ಕೈ ಒರೆಸಿ, ಚಪ್ಪಲಿ ಮೆಟ್ಟಿ, ಎಡಗೈ ಸೊಂಟಕ್ಕೆ ಸೇರಿಸಿ ಮೊದಲು ಮೀಟರ್ ತಾಗಿಸಿದರು. ಮುಳ್ಳು ಚಂಗನೆ ಮೇಲಕ್ಕೆ ಹಾರಿತು. ಆಮೇಲೆ ಕಡ್ಡಿ ಹಿಡಿದರು. ಮುಳ್ಳು ನಿಧಾನವಾಗಿ, ಇಷ್ಟವಿಲ್ಲದವರ ಹಾಗೆ, ಕೆಳಗೆ ಬಂತು. ಸೊನ್ನೆ ಮುಟ್ಟಿದ ಮೇಲೆ ಟೀಚರಮ್ಮ ನೆಲದ ಮೇಲೆ ಕೂತುಬಿಟ್ಟರು. ಹಾಲು ಕಾಯಿಸಿ ಒಂದು ಲೋಟ ಕೈಗಿಟ್ಟೆ. ಕುಡಿದು, "ಅಮ್ಮನ್ನ ನಾನೇ ಕೈ ಹಿಡಿದು ಕರ್ಕೊಂಡು ಹೋಗ್ತಿದ್ದೆ ಕಣೇ" ಎಂದರು.

ಬೇರೆಯವರಾಗಿದ್ದರೆ ಮುಚ್ಚಿಡುತ್ತಿದ್ದರು. ಇವರು ರಜ ಮುಗಿದ ಮೊದಲ ದಿನವೇ ಕ್ಲಾಸಿನಲ್ಲಿ ಎಲ್ಲವನ್ನೂ ಹೇಳಿದರಂತೆ. ರೇಡಿಯೋ ರಿಪೇರಿಯವನನ್ನೂ ಕರೆದು ಹೇಳಿದರು. ಅವನು ಬಾಯಿ ತೆರೆಯುವ ಮೊದಲೇ, "ನಗಬೇಡ. ನೀನು ಗೊತ್ತಿಲ್ಲದೆ ಸಾಯಿಸ್ತಿದ್ದೆ, ನಾನು ಗೊತ್ತಿದ್ದೂ ಸಾಯಿಸ್ತಿದ್ದೆ" ಎಂದರು. ಡಬ್ಬಿಯನ್ನು ಮೊದಲಿಂದ ಮಾಡಿದರು. ಸೋರುವ ರೆಸಿಸ್ಟರು ಒಂದರ ಬದಲು ಎರಡು, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಪ್ಲಗ್ಗಿನ ಬಳಿ ಫ್ಯೂಸು. ಸುತ್ತ ಹಲಸಿನ ಮರದ ಪೆಟ್ಟಿಗೆ, ಮುಂದೆ ದಪ್ಪ ಪ್ಲಾಸ್ಟಿಕ್ ಹಲಗೆ. ಹೊರಗಡೆ ಒಂದು ಸ್ಕ್ರೂ ತಲೆಯೂ ಬೆರಳಿಗೆ ಸಿಗುವುದಿಲ್ಲ. ಮುಗಿದ ದಿನ ಕರೆಂಟು ಹಾಕಿ, ಪೆಟ್ಟಿಗೆಯ ಮೈಯನ್ನೆಲ್ಲ ಒದ್ದೆ ಬೆರಳಿನಲ್ಲಿ ತಾನೇ ಸವರಿ ನೋಡಿದರು. ಆಮೇಲೆ ತಾಯಿಯನ್ನು ಕೂಗಿದರು. "ಬಾಮ್ಮ. ಎಷ್ಟು ಬೇಕಾದ್ರೂ ಮುಟ್ಟು."

ಪಾಟಿ ಮುಟ್ಟಿದಳು. ಮರ ಮುಟ್ಟಿದಳು, ಹಲಗೆ ಮುಟ್ಟಿದಳು, ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಳು. ಅವಳ ಕೆನ್ನೆಯ ಮೇಲೆ ಕೆಂಡದ ಬಣ್ಣ ಬಿತ್ತು. "ನಾಲ್ಕು... ಇದು ಒಂದು... ಇದು ಏಳು" ಎಂದು ಓದಿ, ನನ್ನ ಕಡೆ ತಿರುಗಿ, "ಲೇ ಆಲಿನೋಳೇ, ಸಾಯಂಕಾಲದ ಆಲು ಇಷ್ಟೊತ್ತಿಗಾ ತರೋದು?" ಅಂದಳು. ನಾನು ನಕ್ಕದ್ದಕ್ಕೆ ಲೆಕ್ಕವಿಲ್ಲ. ಟೀಚರಮ್ಮ ಅಡಿಗೆಮನೆಗೆ ಹೋಗಿ ಬೇಕೆಂದೇ ಪಾತ್ರೆ ಸದ್ದು ಮಾಡಿದರು.

ಅಲ್ಲಿಂದ ಮುಂದೆ ಸಂಗು ಊದಿದರೆ ಪಾಟಿ ಅರ್ಧ ಏಳುವಳು, ಪೆಟ್ಟಿಗೆಗೆ ಮುಖ ಒಡ್ಡುವಳು, "ಶಿಫ್ಟ್ ಸಂಗೇ" ಎಂದು ಕೂರುವಳು. ಬೀದಿಯ ಹೆಂಗಸರೂ ಕಿಟಕಿಗೆ ಬಂದು ಪಾಟಿಯನ್ನೇ ಟೈಮು ಕೇಳುವಂತಾಯಿತು. ಕರೆಂಟು ಹೋಗಿ ಬಂದು ಗಡಿಯಾರ ಸೊನ್ನೆಯಿಂದ ಶುರುವಾದರೆ ಪಕ್ಕದ ಮನೆಯವರು ಬಂದು ಕೂಡಿಸಿ ಕೊಡುತ್ತಿದ್ದರು.

ಹೀಗಿರುವಾಗ ಒಂದು ದಿನ ರೈಲು ತಡವಾಗಿ ನಾನು ಬಿಸಿಲೇರಿದ ಮೇಲೆ ಆ ಮನೆಗೆ ಹೋದೆ. ಹಾಲು ಅಳೆಯುತ್ತಿರುವಾಗ ಕಾಲ ಕೆಳಗೆ ನೆಲ ಸಣ್ಣಗೆ ಅದುರಿತು. ಸ್ವಲ್ಪ ಹೊತ್ತಿಗೆ ಸಂಗು.

ಪಾಟಿ ಎದ್ದು ಪೆಟ್ಟಿಗೆಗೆ ಮುಖ ಒಡ್ಡಿದಳು. ಒಡ್ಡಿದವಳು ಹಾಗೇ ನಿಂತಳು. ಅಂಕಿಗಳನ್ನು ಮತ್ತೊಮ್ಮೆ ಓದಿಕೊಂಡಳು.

"ಇದು ಶಿಫ್ಟ್ ಸಂಗಲ್ಲ ಕಣೇ."

ಟೀಚರಮ್ಮನ ತಮ್ಮ ಬೆಳಗಿನ ಪಾಳಿಗೆ ಇಳಿದಿದ್ದ. ಪಾಟಿ ಅರಚುತ್ತಾಳೆ, ಓಡುತ್ತಾಳೆ ಎಂದು ಅಡ್ಡ ನಿಂತೆ. ಅವಳು ಓಡಲಿಲ್ಲ. ಸೆರಗು ಸರಿಮಾಡಿಕೊಂಡು ಕೋಲು ಕೇಳಿದಳು. "ನನ್ನ ಕೈ ಇಡ್ಕೋ. ಚರಂಡಿ ಬಂದ್ರೆ ಏಳು. ನಿಧಾನಕ್ಕೆ ಓಗಾಣ, ಗೇಟು ಎಲ್ಲೂ ಓಡೋಗಲ್ಲ."

ಗಣಿಗೆ ಇಳಿಯುವ ಶಾಫ್ಟಿನ ಗೇಟಿನ ಮುಂದೆ ಆಗಲೇ ಹೆಂಗಸರ ಗುಂಪು. ಎದೆ ಬಡಿದುಕೊಳ್ಳುವವರು, ಕಂಬಿ ಹಿಡಿದು ಜಗ್ಗುವವರು. ಪಾಟಿ ಕೋಲೂರಿ ನೆಟ್ಟಗೆ ನಿಂತಳು. ಸ್ಕೂಲಿನಿಂದ ಟೀಚರಮ್ಮ ಓಡಿ ಬಂದರು. ದಾರಿಯುದ್ದಕ್ಕೂ ಚರಂಡಿಗಳಲ್ಲಿ ತಾಯಿಯನ್ನು ಹುಡುಕುತ್ತಾ ಬಂದಿದ್ದಾರೆ, ಸೀರೆಯ ಅಂಚೆಲ್ಲ ಕೊಚ್ಚೆ. ಗೇಟಿನ ಹತ್ತಿರ ಪಾಟಿಯನ್ನು ಕಂಡು ನನ್ನ ತೋಳನ್ನು ನೋವಾಗುವಂತೆ ಹಿಡಿದರು.

"ಗಡಿಯಾರ ನೋಡಿದ್ಳಾ?"

"ನೋಡಿದ್ರು. ಗೊತ್ತಾತು."

"ಸಮಾಧಾನಕ್ಕೆ ಅಂತ ಮಾಡಿದೆ ಕಣೇ. ಇದು ನಿಜ ಹೇಳಿಬಿಡುತ್ತೆ ಅಂತ ಯೋಚನೆ ಮಾಡಿರಲಿಲ್ಲ."

ಪಂಜರದಂಥ ಲಿಫ್ಟು ಮೇಲೆ ಬಂತು, ಜನ ಇಳಿದರು, ಅವನಿಲ್ಲ. ಮತ್ತೆ ಕೆಳಗೆ ಹೋಯಿತು, ಮತ್ತೆ ಬಂತು, ಅವನಿಲ್ಲ. ಯಾರೋ ಒಬ್ಬನನ್ನು ಸ್ಟ್ರೆಚರಿನಲ್ಲಿ ತಂದರು. ಟೀಚರಮ್ಮ ಕಣ್ಣು ಮುಚ್ಚಿದರು. ನಾನು ನೋಡಿದೆ, ಅವನಲ್ಲ, ಬೇರೆಯವನು, ನರಳುತ್ತಿದ್ದಾನೆ, ಜೀವ ಇದೆ. "ಅವನಲ್ಲಮ್ಮ, ಅವನಲ್ಲ" ಎಂದು ನಾನೇ ಅರಚಿದೆ. ಅದರ ಮುಂದಿನ ಸಲ ಬಂದವರಲ್ಲಿ ಕೊನೆಯವನಾಗಿ, ತಲೆಯಿಂದ ಕಾಲಿನವರೆಗೆ ಬೂದಿ ಮೆತ್ತಿಕೊಂಡವನಂತೆ, ತಮ್ಮ ಇಳಿದು ಬಂದ.

ಪಾಟಿ ಅವನ ಮುಖವನ್ನೆಲ್ಲ ತಡವಿದಳು. ಕಿವಿ, ಮೂಗು, ಗದ್ದ, ಆಮೇಲೆ ಎರಡೂ ಕೈಯ ಬೆರಳುಗಳನ್ನು ಒಂದೊಂದಾಗಿ. ಎಲ್ಲ ಸರಿಯಾಗಿದೆ ಎಂದು ಖಾತ್ರಿಯಾಯಿತು. ಪಕ್ಕದಲ್ಲಿ ಬಿಕ್ಕುತ್ತಿದ್ದ ಮಗಳ ದನಿ ಆಗ ಕಿವಿಗೆ ಬಿತ್ತು. ಹುಬ್ಬು ಗಂಟಿಕ್ಕಿ ಆ ಕಡೆ ತಿರುಗಿದಳು.

"ನೀನ್ಯಾಕೆ ಬಂದೆ? ಸ್ಕೂಲ್ ಬಿಡಾಕೆ ಇನ್ನೂ ಎಷ್ಟೊತ್ತೈತೆ! ಮಕ್ಳು ಕಾಯ್ತಾ ಇರಲ್ವಾ? ನಡಿ, ನಡಿ."

ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ಟೀಚರಮ್ಮ, ಒಂದನೇ ಕ್ಲಾಸಿನ ಮಗುವಿನ ಹಾಗೆ "ಹೂಂ ಅಮ್ಮ" ಅಂದು, ಮೂಗೊರೆಸಿಕೊಂಡು, ಕೊಚ್ಚೆಯ ಸೀರೆಯಲ್ಲೇ ಸ್ಕೂಲಿನ ದಾರಿ ಹಿಡಿದರು.